ಅಂಡಾಣು ದಾನ: ಕೊಡುವವಳ ಆರೋಗ್ಯವೂ ಮುಖ್ಯ

ಕೆಲವು ತಿಂಗಳ ಹಿಂದೆ ಒಂದು ಸಂಜೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನ ಕ್ಲಿನಿಕ್ಕಿಗೆ ಬಂದಳು. ಗಾರ್ಮೆಂಟ್ಸಿನಲ್ಲಿ ಕೆಲಸ, ಇಬ್ಬರು ಮಕ್ಕಳು. "ಎರಡು ದಿನದಿಂದ ಹೊಟ್ಟೆ ಉಬ್ಬರಿಸ್ಕೊಂಡಿದೆ ಡಾಕ್ಟ್ರೇ, ಊಟ ಸೇರ್ತಿಲ್ಲ, ವಾಂತಿ ಬಂದ ಹಾಗಾಗುತ್ತೆ" ಎಂದಳು. ಅಜೀರ್ಣವಿರಬೇಕೆಂದು ಮಾತ್ರೆ ಬರೆದುಕೊಟ್ಟೆ. ಮಾರನೆಯ ದಿನ ಬೆಳಿಗ್ಗೆ ಅವಳ ಅಕ್ಕ ಆಟೋದಲ್ಲಿ ಮತ್ತೆ ಕರೆತಂದಳು. ಹೊಟ್ಟೆ ಇನ್ನಷ್ಟು ಬಿಗಿದಿತ್ತು. ಏದುಸಿರು ಬೇರೆ. ರಾತ್ರಿಯಿಂದ ಮೂತ್ರವೂ ಸರಿಯಾಗಿ ಹೋಗಿರಲಿಲ್ಲ.

ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟಳು. ಐದು ದಿನದ ಹಿಂದೆ ಅಂಡಾಣು ಕೊಟ್ಟು ಬಂದಿದ್ದಳು. ಅದೂ ಎರಡನೆಯ ಸಲ, ಬೇರೊಬ್ಬಳ ಹೆಸರಿನಲ್ಲಿ. ಕರೆದುಕೊಂಡು ಹೋಗಿದ್ದ ಏಜೆಂಟ್ ಹೆಂಗಸು ಈಗ ಫೋನ್ ಎತ್ತುತ್ತಿರಲಿಲ್ಲ. ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಒಂದು ವಾರ ಅಲ್ಲಿದ್ದು ಗುಣವಾಗಿ ಮನೆಗೆ ಮರಳಿದಳು. ಮುಟ್ಟು ಯಾವಾಗ ಆಗಿತ್ತು, ಇತ್ತೀಚೆಗೆ ಯಾವುದಾದರೂ ಚುಚ್ಚುಮದ್ದು ತೆಗೆದುಕೊಂಡಿದ್ದೀಯಾ ಎಂದು ಮೊದಲ ದಿನವೇ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಅದೇ ತಿಂಗಳು ಇನ್ನೊಬ್ಬರು ಬಂದರು. ವಯಸ್ಸು 34, ಮದುವೆಯಾಗಿ ಒಂಬತ್ತು ವರ್ಷ. ಅಂಡಾಶಯ ಅಕಾಲದಲ್ಲೇ ಸೋತಿದೆ, ದಾನಿಯ ಅಂಡಾಣು ಪಡೆಯುವುದೊಂದೇ ದಾರಿ ಎಂದು ತಜ್ಞರು ಹೇಳಿದ್ದರು. ಜೊತೆಗೆ ಬಂದಿದ್ದ ಅತ್ತೆಯವರ ಪ್ರಶ್ನೆ: "ಬೇರೆಯವಳ ಅಂಡಾಣು ಅಂದ್ರೆ ಮಗು ನಮ್ಮದು ಹೇಗಾಗುತ್ತೆ ಡಾಕ್ಟ್ರೇ?" ಹೊರಡುವಾಗ ಸೊಸೆ ಮೆಲ್ಲಗೆ ಕೇಳಿದರು: "ಕೊಡೋರಿಗೆ ಏನೂ ತೊಂದರೆ ಆಗಲ್ವಾ?" ಎರಡೂ ಒಳ್ಳೆಯ ಪ್ರಶ್ನೆಗಳೇ. ಎರಡನೆಯದನ್ನು ಕೇಳುವವರು ಮಾತ್ರ ಬಹಳ ಕಡಿಮೆ.

ಯಾರಿಗೆ ಬೇಕಾಗುತ್ತದೆ?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಆಮೇಲೆ ಹೊಸದಾಗಿ ಉತ್ಪತ್ತಿಯಾಗುವುದಿಲ್ಲ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿದಿರುತ್ತವೆ. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ಸುಮಾರು 400 ಮಾತ್ರ. ವಯಸ್ಸು 35 ದಾಟಿದ ಮೇಲೆ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗಬೇಗ ಇಳಿಯುತ್ತವೆ. ನೂರರಲ್ಲಿ ಸುಮಾರು ಒಬ್ಬ ಸ್ತ್ರೀಗೆ 40 ತುಂಬುವ ಮೊದಲೇ ಅಂಡಾಶಯದ ಕೆಲಸ ನಿಂತುಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆ, ಅಂಡಾಶಯದ ಶಸ್ತ್ರಕ್ರಿಯೆ, ಹುಟ್ಟಿನಿಂದ ಬರುವ ಟರ್ನರ್ ಸಿಂಡ್ರೋಮ್ ಇವೂ ಕಾರಣವಾಗಬಹುದು.

ಆದರೆ ಗರ್ಭಕೋಶಕ್ಕೆ ಅಷ್ಟು ಬೇಗ ಮುಪ್ಪು ಬರುವುದಿಲ್ಲ. ಹಾರ್ಮೋನು ಕೊಟ್ಟು ಸಿದ್ಧಪಡಿಸಿದರೆ ಅದು ಮಗುವನ್ನು ಹೊರಬಲ್ಲದು. ಅಂಡಾಣು ದಾನದ ಆಧಾರವೇ ಇದು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ದಾನದ ಅಂಡಾಣುವಿನಿಂದ ಮಕ್ಕಳಾದವು.

ಒಂದು ಎಚ್ಚರಿಕೆ. ರಕ್ತಪರೀಕ್ಷೆಯಲ್ಲಿ 'ಎಎಂಎಚ್' ಕಡಿಮೆ ಬಂದಿದೆ ಎಂಬ ಒಂದೇ ಕಾರಣಕ್ಕೆ ದಾನದ ಅಂಡಾಣುವಿಗೆ ಒಪ್ಪಿಕೊಳ್ಳಬೇಡಿ. ಚಿಕ್ಕ ವಯಸ್ಸಿನವರು ಎಎಂಎಚ್ ಕಡಿಮೆ ಇದ್ದರೂ ತಮ್ಮದೇ ಅಂಡಾಣುವಿನಿಂದ ತಾಯಿಯಾದದ್ದುಂಟು. ಗಂಡನ ವೀರ್ಯ ಪರೀಕ್ಷೆ ಆಗಿದೆಯೇ ನೋಡಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ.

ದಾನಿಗೆ ಏನೇನು ಮಾಡುತ್ತಾರೆ?

ರಕ್ತದಾನದಂತೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಮೊದಲು ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಮುಂತಾದ ಪರೀಕ್ಷೆಗಳು. ಆಮೇಲೆ ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನದಿಂದ ಸುಮಾರು 10 ದಿನ ಪ್ರತಿದಿನ ಹಾರ್ಮೋನು ಚುಚ್ಚುಮದ್ದು. ನಡುನಡುವೆ ಸ್ಕ್ಯಾನಿಂಗ್. ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಪಕ್ವವಾಗುತ್ತದೆ. ಈ ಮದ್ದಿನಿಂದ ಹಲವಾರು ಒಟ್ಟಿಗೆ ಬೆಳೆಯುತ್ತವೆ. ಕೊನೆಯ ಚುಚ್ಚುಮದ್ದಿನ ಸುಮಾರು 36 ಗಂಟೆಗಳ ನಂತರ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತಾ, ಯೋನಿಯ ಮೂಲಕ ತೆಳುವಾದ ಸೂಜಿಯಿಂದ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬಹುಪಾಲು ದಾನಿಗಳು ಅದೇ ದಿನ ಮನೆಗೆ ಹೋಗುತ್ತಾರೆ.

ಹೀಗೆ ತೆಗೆದರೆ ಅಂಡಾಣುಗಳ ದಾಸ್ತಾನೇ ಬರಿದಾಗುವುದಿಲ್ಲವೇ? ಇಲ್ಲ. ಪ್ರತಿ ತಿಂಗಳೂ ಹಲವು ಅಂಡಾಣುಗಳು ಬೆಳೆಯಲು ಹೊರಟು, ಒಂದನ್ನು ಬಿಟ್ಟು ಉಳಿದವು ನಶಿಸಿಹೋಗುತ್ತವೆ. ಹಾಗೆ ನಶಿಸುವವುಗಳನ್ನೇ ಮದ್ದು ಉಳಿಸಿಕೊಳ್ಳುತ್ತದೆ.

ಹಾಗೆಂದು ಅಪಾಯವಿಲ್ಲ ಎನ್ನುವಂತಿಲ್ಲ. ಸೂಜಿಯಿಂದ ರಕ್ತಸ್ರಾವ, ಸೋಂಕು ಆಗುವುದುಂಟು, ಅಪರೂಪಕ್ಕೆ. ಮುಖ್ಯ ಅಪಾಯ ಅಂಡಾಶಯಗಳು ಮದ್ದಿಗೆ ಅತಿಯಾಗಿ ಕೆರಳುವುದು. ಆಗ ಅವು ಊದಿಕೊಳ್ಳುತ್ತವೆ. ರಕ್ತನಾಳಗಳಿಂದ ನೀರು ಜಿನುಗಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟಲೂಬಹುದು. ನನ್ನ ಕ್ಲಿನಿಕ್ಕಿಗೆ ಬಂದವಳಿಗೆ ಆಗಿದ್ದು ಇದೇ. ಚುಚ್ಚುಮದ್ದಿನ ಪ್ರಮಾಣ ಮತ್ತು ಬಗೆಯನ್ನು ಸರಿಯಾಗಿ ಆರಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಹೆಚ್ಚು ಅಂಡಾಣು ಬೇಕೆಂಬ ಆಸೆಯಿಂದ ಮದ್ದು ಹೆಚ್ಚಿಸಿದರೆ, ಮತ್ತೆ ಮತ್ತೆ ಒಬ್ಬಳನ್ನೇ ಕರೆತಂದರೆ, ಅಪಾಯವೂ ಹೆಚ್ಚು.

ಅಂಡಾಣು ಕೊಟ್ಟ ನಂತರ ಎರಡು ವಾರಗಳೊಳಗೆ ಹೊಟ್ಟೆ ಬಿಗಿತ, ನಿಲ್ಲದ ವಾಂತಿ, ದಿಢೀರ್ ತೂಕ ಏರಿಕೆ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಕಾಲಿನ ಊತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರಲ್ಲಿ ನಿಜ ಹೇಳಬೇಕು. ನಿಜ ಹೇಳಿದರೆ ಅರ್ಧ ಚಿಕಿತ್ಸೆ ಆದಂತೆ.

ಕಾನೂನು ಏನು ಹೇಳುತ್ತದೆ?

ಸಂತಾನ ನೆರವು ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರಲ್ಲಿ ಬಂದು, 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳು:

* ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು.
* ಒಬ್ಬಳು ಜೀವಮಾನದಲ್ಲಿ ಒಂದೇ ಸಲ ದಾನ ಮಾಡಬಹುದು. ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಅವನ್ನು ಒಂದೇ ದಂಪತಿಗೆ ಕೊಡಬೇಕು.
* ದಾನಿಯ ಆಯ್ಕೆ, ಪರೀಕ್ಷೆ, ದಾಖಲೆ ಎಲ್ಲವೂ ನೋಂದಣಿಯಾದ ಬ್ಯಾಂಕಿನ ಮೂಲಕವೇ ಆಗಬೇಕು. ದಾನಿಯ ಲಿಖಿತ ಒಪ್ಪಿಗೆ ಬೇಕು.
* ದಂಪತಿ ದಾನಿಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸಬೇಕು.
* ಚಿಕಿತ್ಸೆ ಪಡೆಯುವ ಸ್ತ್ರೀಯ ವಯಸ್ಸು 21ರಿಂದ 50, ಪುರುಷನದು 21ರಿಂದ 55ರ ಒಳಗಿರಬೇಕು.
* ಅಂಡಾಣು ಮಾರುವುದು, ದಾನಿಗಳನ್ನು ತರಲು ದಲ್ಲಾಳಿಗಳನ್ನು ಬಳಸುವುದು ಅಪರಾಧ. ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ. ಮರುಕಳಿಸಿದರೆ 3ರಿಂದ 8 ವರ್ಷ ಜೈಲು ಮತ್ತು ಇನ್ನೂ ಹೆಚ್ಚಿನ ದಂಡ.

ಕಾನೂನು ಬಂದಾಕ್ಷಣ ದಂಧೆ ನಿಲ್ಲಲಿಲ್ಲ. 2022ರಲ್ಲೇ ತಮಿಳುನಾಡಿನ ಈರೋಡಿನಲ್ಲಿ 16 ವರ್ಷದ ಹುಡುಗಿಗೆ ಸುಳ್ಳು ವಯಸ್ಸಿನ ದಾಖಲೆ ಮಾಡಿಸಿ, ಹಲವು ಬಾರಿ ಅಂಡಾಣು ಮಾರಿಸಿದ್ದು ಬಯಲಾಯಿತು. ಬಂಧಿತರಲ್ಲಿ ಅವಳ ತಾಯಿಯೂ ಇದ್ದಳು.

ಮಗು ಬಯಸುವ ದಂಪತಿಗೆ

ದಾನಿಯ ಅಂಡಾಣುವನ್ನು ಪ್ರಯೋಗಾಲಯದಲ್ಲಿ ಗಂಡನ ವೀರ್ಯಾಣುವಿನೊಂದಿಗೆ ಕೂಡಿಸುತ್ತಾರೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು, ಮೊದಲೇ ಮಾತ್ರೆಗಳಿಂದ ಸಿದ್ಧಪಡಿಸಿದ ಹೆಂಡತಿಯ ಗರ್ಭಕೋಶದಲ್ಲಿ ಇಡುತ್ತಾರೆ. ಎರಡು ವಾರದ ನಂತರ ರಕ್ತಪರೀಕ್ಷೆ. ಪ್ರತಿ ಸಲವೂ ಫಲಿಸುತ್ತದೆ ಎಂದು ಯಾರೂ ಮಾತು ಕೊಡಲಾರರು. ಹಾಗೆ ಮಾತು ಕೊಡುವ ಕಡೆ ಹೋಗಬೇಡಿ. ಈ ರೀತಿಯ ಬಸಿರಿನಲ್ಲಿ ರಕ್ತದ ಒತ್ತಡ ಏರುವ ಸಂಭವ ಹೆಚ್ಚು. ಆದ್ದರಿಂದ ಮೊದಲೇ ಬಿ.ಪಿ., ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಒಂಬತ್ತು ತಿಂಗಳೂ ತಪಾಸಣೆ ತಪ್ಪಿಸಬೇಡಿ.

ಇನ್ನು ಅತ್ತೆಯವರ ಪ್ರಶ್ನೆ. ಮಗುವಿಗೆ ವಂಶವಾಹಿಗಳಲ್ಲಿ ಅರ್ಧ ತಂದೆಯದು, ಅರ್ಧ ದಾನಿಯದು. ಆದರೆ ಅದು ಬೆಳೆಯುವುದು ತಾಯಿಯ ರಕ್ತದ ಪೋಷಣೆಯಲ್ಲಿ. ಹೆರುವವಳು, ಹಾಲುಣಿಸುವವಳು, ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕೂರುವವಳು ಅವಳೇ. ಕಾನೂನೂ ಮಗುವನ್ನು ದಂಪತಿಯದೆಂದೇ ಒಪ್ಪುತ್ತದೆ. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. 2024ರಲ್ಲಿ ಮುಂಬೈ ಹೈಕೋರ್ಟ್ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿತು. ಅಲ್ಲಿ ಅಂಡಾಣು ಕೊಟ್ಟವಳು ತಾಯಿಯ ಸ್ವಂತ ತಂಗಿ. ಮಗುವಿಗೆ ವಿಷಯ ಹೇಳಬೇಕೇ? ಚಿಕ್ಕಂದಿನಲ್ಲೇ, ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳುವುದು ಒಳ್ಳೆಯದು. ಮುಂದೊಂದು ದಿನ ಬೇರೆ ಯಾರಿಂದಲೋ ತಿಳಿದರೆ ನೋವು ಹೆಚ್ಚು.

ಚಿಕಿತ್ಸೆಗೆ ಹೋದಾಗ ಖರ್ಚೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಮೂರು ಪ್ರಶ್ನೆ ಕೇಳಿ. ಕೇಂದ್ರಕ್ಕೂ ಬ್ಯಾಂಕಿಗೂ ನೋಂದಣಿ ಇದೆಯೇ? ದಾನಿಗೆ ವಿಮೆ ಆಗಿದೆಯೇ? ಅಂಡಾಣು ತೆಗೆದ ಮೇಲೆ ಅವಳಿಗೆ ತೊಂದರೆಯಾದರೆ ನೋಡಿಕೊಳ್ಳುವವರು ಯಾರು? ಸರಿಯಾದ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗಬೇಕು, ನಿಜ. ಅದಕ್ಕಾಗಿ ಇನ್ನೊಂದು ಮನೆಯ ಮಕ್ಕಳು ಅಮ್ಮನಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುವಂತಾಗಬಾರದು.