ಗುಡವಿಗೆ ಬರೋ ಕ್ಯಾಂಪರ್ ವ್ಯಾನ್ ಎಸಿಗೆ ಮನೆ ಪ್ಲಗ್ ಕೊಡಬಹುದಾ? ವೈರ್ ಎಳೆಯೋಕೆ ಮುಂಚೆ ಇದನ್ನ ಓದಿ

ಸೊರಬ: ಗುಡವಿ ಪಕ್ಷಿಧಾಮಕ್ಕೆ ಜನ ಹೆಚ್ಚಾಗಿ ಬರೋದು ಜೂನ್‌ನಿಂದ ಡಿಸೆಂಬರ್ ಒಳಗೆ. ಬಿಳಿ ಐಬಿಸ್, ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಕಟ್ಟೋ ಕಾಲ ಅದು. ಬೆಂಗಳೂರು ಕಡೆಯಿಂದ ಮಲಗೋ ವ್ಯವಸ್ಥೆ ಇರೋ ಕ್ಯಾಂಪರ್ ವ್ಯಾನ್ ತಗೊಂಡು ಬಂದವರು, ರಾತ್ರಿ ಯಾರದ್ದಾದರೂ ಅಂಗಳದಲ್ಲಿ ನಿಲ್ಲಿಸಿ 'ಒಂದು ಪ್ಲಗ್ ಕೊಡ್ತೀರಾ, ಎಸಿ ಹಾಕ್ಕೋಬೇಕು' ಅಂತ ಕೇಳಬಹುದು. ಕೆರೆ ಹತ್ತಿರ ಜನರೇಟರ್ ಹಚ್ಚಿ ಹಕ್ಕಿ ಓಡಿಸೋದಕ್ಕಿಂತ ಮನೆ ಕರೆಂಟೇ ವಾಸಿ. ಆದರೆ ಕೊಡೋ ಮುಂಚೆ ನೋಡಬೇಕಾದ್ದು ಕೆಲವಿದೆ.

ಯಾವ ಪ್ಲಗ್?

ನಮ್ಮ ಮನೆಗಳಲ್ಲಿ ಎರಡು ಥರದ ಸಾಕೆಟ್ ಇರುತ್ತೆ. ಫೋನ್ ಚಾರ್ಜರ್, ಟಿವಿ ಹಾಕೋ ಚಿಕ್ಕದು 6 ಆಂಪಿಯರ್. ಗೀಸರ್, ಫ್ರಿಜ್ ಹಾಕೋ ದೊಡ್ಡದು 16 ಆಂಪಿಯರ್. 230 ವೋಲ್ಟ್ ಲೆಕ್ಕದಲ್ಲಿ ಚಿಕ್ಕದು ತಡೆಯೋದು 1,380 ವಾಟ್, ದೊಡ್ಡದು 3,680 ವಾಟ್.

ಒಂದು ಟನ್ ಎಸಿ ಸುಮಾರು 1,000ದಿಂದ 1,200 ವಾಟ್ ಎಳೆಯುತ್ತೆ, ಒಂದೂವರೆ ಟನ್‌ದು 1,500ರಿಂದ 1,800. ಇನ್ವರ್ಟರ್ ಮಾದರಿ ಅಲ್ಲದ ಎಸಿಯ ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣ ಇದರ ಹಲವು ಪಟ್ಟು ಕರೆಂಟ್ ಬೇಡುತ್ತೆ. ಇದರ ಜೊತೆ ವ್ಯಾನ್‌ನ ಬ್ಯಾಟರಿ ಚಾರ್ಜರ್, ಫ್ರಿಜ್, ಕೆಟಲ್ ಎಲ್ಲ ಅದೇ ವೈರ್‌ನಿಂದ ಎಳೀತವೆ. ಹಾಗಾಗಿ ಚಿಕ್ಕ ಸಾಕೆಟ್ ಬೇಡವೇ ಬೇಡ. 16 ಆಂಪಿಯರ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ ಇದ್ದರೆ ಮಾತ್ರ ಕೊಡಿ. ಯುಪಿಎಸ್ ಲೈನ್‌ಗೆ ಅಂತೂ ಹಾಕಲೇಬೇಡಿ.

ಯೂಟ್ಯೂಬ್‌ನಲ್ಲಿ ಅಮೆರಿಕದವರು 30 ಆಂಪಿಯರ್ ಪ್ಲಗ್, ಅಡಾಪ್ಟರ್ ಅಂತ ತೋರಿಸ್ತಾರೆ. ಅಲ್ಲಿ ಇರೋದು 120 ವೋಲ್ಟ್, ಅದಕ್ಕೇ ಅಷ್ಟೇ ಕೆಲಸಕ್ಕೆ ಸುಮಾರು ದುಪ್ಪಟ್ಟು ಆಂಪಿಯರ್ ಬೇಕು. ಆ ಲೆಕ್ಕ ಇಲ್ಲಿಗೆ ಹೊಂದಲ್ಲ. 120 ವೋಲ್ಟಿನ ಎಸಿ ತಂದು ನಮ್ಮ ಪ್ಲಗ್‌ಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತೆ.

ಎಕ್ಸ್‌ಟೆನ್ಶನ್ ವೈರೇ ಅಸಲಿ ತಲೆನೋವು

ಪ್ಲಗ್ ಒಳಮನೇಲಿ, ವ್ಯಾನ್ ಅಂಗಳದಲ್ಲಿ. ನಡುವೆ 25 ಮೀಟರ್ ವೈರ್ ಬೇಕು ಅಂದುಕೊಳ್ಳಿ. ಅದು 0.75 ಚದರ ಮಿಲಿಮೀಟರಿನ ತೆಳು ವೈರ್ ಆದರೆ, 8 ಆಂಪಿಯರ್ ಹರಿಯುವಾಗ ಹತ್ತು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತೆ. ಸುಮಾರು 80 ವಾಟ್ ಶಾಖ ಆ ವೈರಲ್ಲೇ ಹುಟ್ಟುತ್ತೆ. ಸುರುಳಿ ಸುತ್ತಿಟ್ಟರೆ ಆ ಬಿಸಿ ಹೊರಗೆ ಹೋಗಲ್ಲ, ಪ್ಲಾಸ್ಟಿಕ್ ಕರಗುತ್ತೆ. ಅದೇ 2.5 ಚದರ ಮಿಲಿಮೀಟರಿನ ತಾಮ್ರದ ಮೂರೆಳೆ ಕೇಬಲ್ ಆದರೆ ಕಳೆಯೋದು ಮೂರು ವೋಲ್ಟ್ ಚಿಲ್ಲರೆ ಅಷ್ಟೇ. ಅದನ್ನೂ ಪೂರ್ತಿ ಬಿಚ್ಚಿಯೇ ಹಾಕಬೇಕು.

ಮೊದಲೇ ವೋಲ್ಟೇಜ್ ಕಡಿಮೆ ಇರೋ ಊರಾದರೆ ಇನ್ನೂ ಹುಷಾರು. 180 ವೋಲ್ಟಿಗೆ ಇಳಿದರೆ ಹಳೇ ಮಾದರಿ ಕಂಪ್ರೆಸರ್ ತಿರುಗೋಕಾಗದೆ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತೆ. ಎಸಿ ಹಾಕೋ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಮಲ್ಟಿಮೀಟರ್‌ನಲ್ಲಿ ನೋಡಿ. 225 ಇದ್ದದ್ದು 205ಕ್ಕೆ ಬಿದ್ದರೆ ನಿಲ್ಲಿಸಿ. ಕಾಲು ಗಂಟೆ ಬಿಟ್ಟು ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ. ಬಿಸಿ ಇದ್ದರೆ ಒಳಗೆ ಲೂಸ್ ಇದೆ ಅಂತಲೇ ಅರ್ಥ.

ಅರ್ಥಿಂಗ್ ಇಲ್ಲದಿದ್ರೆ ಜೀವಕ್ಕೇ ಅಪಾಯ

ವ್ಯಾನ್ ಅಂದರೆ ರಬ್ಬರ್ ಟೈರ್ ಮೇಲೆ ನಿಂತಿರೋ ಕಬ್ಬಿಣದ ಪೆಟ್ಟಿಗೆ. ಒಳಗೆ ಎಲ್ಲೋ ವೈರ್ ಸವೆದು ಬಾಡಿಗೆ ತಾಗಿದರೆ, ಅರ್ಥ್ ಇಲ್ಲದಿದ್ದಾಗ ಆ ಕರೆಂಟಿಗೆ ಹೋಗೋಕೆ ದಾರಿ ಇಲ್ಲ. ಒಳಗೆ ಕೂತವರಿಗೆ ಗೊತ್ತೇ ಆಗಲ್ಲ. ಮಳೆಗೆ ಒದ್ದೆಯಾದ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದವರೇ ದಾರಿ ಆಗಿಬಿಡ್ತಾರೆ. ಅದು ಮನೆ ಮಗುವೂ ಆಗಬಹುದು, ಕೊಟ್ಟಿಗೆಯಿಂದ ಬಂದ ದನವೂ ಆಗಬಹುದು.

ಎಂಸಿಬಿ ಇದೆಯಲ್ಲ ಅಂತ ಧೈರ್ಯ ಬೇಡ. ಅದು ಕಾಯೋದು ವೈರನ್ನ, ಮನುಷ್ಯನನ್ನಲ್ಲ. ಮನುಷ್ಯನನ್ನ ಕಾಯೋಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಅದರ ಟೆಸ್ಟ್ ಬಟನ್ ಒತ್ತಿದ ಕೂಡಲೇ ಕರೆಂಟ್ ಹೋಗಬೇಕು. ಹೋಗದಿದ್ದರೆ ಬದಲಾಯಿಸಿ. ಮೂರು ಪಿನ್ ಪ್ಲಗ್‌ನ ಮೇಲಿನ ದಪ್ಪ ಪಿನ್ ಕಿತ್ತು ಹಾಕೋದು, ಎರಡು ಪಿನ್ ಅಡಾಪ್ಟರ್ ಬಳಸೋದು ಎರಡೂ ಕೂಡದು. ಕೇಬಲ್‌ನ ಜೋಡಣೆ ನೆಲದ ಮೇಲೆ, ಸೂರುನೀರು ಬೀಳೋ ಜಾಗದಲ್ಲಿ ಇರಬಾರದು.

ಬಿಲ್ ಲೆಕ್ಕ

ಒಂದು ರಾತ್ರಿ ಎಂಟು ಗಂಟೆ ಎಸಿ ಓಡಿದರೆ 8ರಿಂದ 10 ಯೂನಿಟ್ ಹಿಡೀಬಹುದು. ಗೃಹಜ್ಯೋತಿಯಲ್ಲಿ ಉಚಿತ ಸಿಗೋದು ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಸರಾಸರಿ 80 ಯೂನಿಟ್ ಇದ್ದ ಮನೆಗೆ 88 ಉಚಿತ. ಮೂರು ರಾತ್ರಿ ಎಸಿ ಓಡಿ 110 ಆದರೆ 22 ಯೂನಿಟ್ ದುಡ್ಡು ಮನೆಯವರೇ ಕಟ್ಟಬೇಕು. ಒಟ್ಟು 200 ದಾಟಿದರೆ ಇಡೀ ಬಿಲ್ಲೇ ತಲೆ ಮೇಲೆ. ಅದಕ್ಕೇ ವ್ಯಾನ್ ಬಂದಾಗ, ಹೋಗುವಾಗ ಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ. ಮನೆಯ ಮಂಜೂರಾದ ಲೋಡ್ ಎಷ್ಟು ಅನ್ನೋದು ಮೆಸ್ಕಾಂ ಬಿಲ್ಲಿನಲ್ಲೇ ಇರುತ್ತೆ. ಅದು ಒಂದೇ ಕಿಲೋವಾಟ್ ಇದ್ದರೆ ಮೊದಲು ಹೆಚ್ಚಿಸಿಕೊಂಡು ಆಮೇಲೆ ಕೊಡಿ.

ನಿಜ ಹೇಳಬೇಕಂದ್ರೆ ಮಳೆಗಾಲದ ಗುಡವಿ ರಾತ್ರಿಗೆ ಎಸಿ ಅಷ್ಟೇನೂ ಬೇಕಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿ, ಒಳಗೊಂದು 12 ವೋಲ್ಟಿನ ಫ್ಯಾನ್ ಇದ್ದರೆ ವ್ಯಾನ್ ಬ್ಯಾಟರಿಯಲ್ಲೇ ಬೆಳಗಾಗುತ್ತೆ. ಆದರೂ ಪ್ಲಗ್ ಕೊಡಲೇಬೇಕು ಅಂದ್ರೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ತೋರಿಸಿಕೊಳ್ಳಿ. ವ್ಯಾನ್ ಬಾಡಿ ಮುಟ್ಟಿದಾಗ ಸ್ವಲ್ಪ ಜುಂ ಅಂದರೂ ಮತ್ತೆ ಮುಟ್ಟಿ ನೋಡಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. ಲೈನ್ ಕಡೆ ದೋಷ ಅನ್ನಿಸಿದರೆ ಮೆಸ್ಕಾಂ ಸಹಾಯವಾಣಿ 1912.