ಹಳೆಯ ಗಾಡಿಗೆ ಹೊಸ ಆಹಾರ

ಕಾರವಾರ ಅಂಕೋಲೆಗಳ ಎಷ್ಟೋ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಸ್ಕೂಟರುಗಳು ಇನ್ನೂ ಗೃಹಕೃತ್ಯಕ್ಕೆ ಒದಗುತ್ತಿರುವವು. ಅವುಗಳಿಗೆ ಈಗ ಬಂಕಿನಲ್ಲಿ ದೊರೆಯುವದು ನೂರಕ್ಕೆ 20 ಭಾಗ ಎಥೆನಾಲ್, ಎಂದರೆ ಮದ್ಯಸಾರ, ಬೆರೆತ ಪೆಟ್ರೋಲು. ಇದರಿಂದ ಗಾಡಿ ಕೆಡುವದೆಂದು ಕೆಲವರು ಅಂಜುವರು; ಗಾಳಿ ನಿರ್ಮಲವಾಗುವದೆಂದು ಕೆಲವರು ಹೊಗಳುವರು. ಎರಡರಲ್ಲಿಯೂ ಸತ್ಯಾಂಶವೆಷ್ಟೆಂಬದನ್ನು ಗೃಹಸ್ಥರು ವಿವೇಚಿಸತಕ್ಕದ್ದು.

ಈ ವಿಚಾರವು ತೀರ ಹೊಸದಲ್ಲ. ಪವರ್ ಆಲ್ಕೋಹಾಲ್ ಕಾಯಿದೆಯು 1948ರಲ್ಲಿಯೇ ನಮ್ಮ ದೇಶದಲ್ಲಿ ಹುಟ್ಟಿತ್ತು. ಈಗಿನ ಯೋಜನೆ 2003ರಲ್ಲಿ ಆರಂಭವಾಗಿ, 2022ರಲ್ಲಿ ನೂರಕ್ಕೆ 10ನ್ನು ಮುಟ್ಟಿತು. ನೂರಕ್ಕೆ 20ರ ಬೆರಕೆಯು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು, 2025ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ಅಕ್ಕಿ ಇವುಗಳಿಂದ ಈ ಸಾರವನ್ನು ಇಳಿಸುವರು.

ಮೊದಲು ಗುಣವನ್ನು ನೋಡೋಣ. ಎಥೆನಾಲಿನಲ್ಲಿ ಆಮ್ಲಜನಕವು ಸಹಜವಾಗಿಯೇ ಸೇರಿರುವದರಿಂದ ಇಂಧನವು ಹೆಚ್ಚು ಪೂರ್ಣವಾಗಿ ಉರಿಯುವದು. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಬೆರಕೆಯಿಂದ ವಿಷಕಾರಿಯಾದ ಕಾರ್ಬನ್ ಮೊನಾಕ್ಸೈಡು ದ್ವಿಚಕ್ರಗಳಲ್ಲಿ ನೂರಕ್ಕೆ 50ರಷ್ಟೂ ಕಾರುಗಳಲ್ಲಿ 30ರಷ್ಟೂ ತಗ್ಗುವದು. ನೈಟ್ರೋಜನ್ ಆಕ್ಸೈಡುಗಳಲ್ಲಿ ಮಾತ್ರ ನಿಶ್ಚಿತವಾದ ಇಳಿಕೆ ಕಂಡಿಲ್ಲ.

ಇನ್ನು ದೋಷ. ಎಥೆನಾಲಿನ ಉಷ್ಣಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಭಾಗ ಕಡಿಮೆ. ಆದುದರಿಂದ ಹಳೆಯ ದ್ವಿಚಕ್ರಗಳ ಮೈಲೇಜು ನೂರಕ್ಕೆ 3–4ರಷ್ಟು ಇಳಿಯುವದೆಂದು ಅದೇ ವರದಿ ಹೇಳುವದು. ಲೀಟರಿಗೆ 45 ಕಿಲೋಮೀಟರು ಓಡುತ್ತಿದ್ದ ಗಾಡಿಯು ಸುಮಾರು 43ಕ್ಕೆ ಇಳಿಯುವದು. ಇದು ದೊಡ್ಡ ನಷ್ಟವಲ್ಲವಾದರೂ ದಿನವೂ ಓಡಾಡುವವರ ತಿಂಗಳ ಲೆಕ್ಕದಲ್ಲಿ ಕಾಣದಿರದು. ಇದಕ್ಕಿಂತ ಮುಖ್ಯವಾದದ್ದು, ಹಳೆಯ ಗಾಡಿಗಳ ರಬ್ಬರಿನ ಕೊಳವೆ ವಾಶರುಗಳು ಈ ಸಾರಕ್ಕೆ ಉಬ್ಬಿ ಬಿರಿಯಬಹುದು. ಅಲ್ಲಿ ಪೆಟ್ರೋಲು ಸೋರಿದರೆ ಬೆಂಕಿಯ ಭಯ.

ನಮ್ಮ ಕರಾವಳಿಗೆ ಮತ್ತೊಂದು ಚಿಂತೆಯುಂಟು. ಎಥೆನಾಲ್ ನೀರನ್ನು ಹೀರುವದು. ಆಷಾಢದ ಮಳೆಯಲ್ಲಿ ಸಡಿಲಾದ ಮುಚ್ಚಳದಿಂದ ಟಾಕಿಗೆ ನೀರಿಳಿದರೆ, ನೀರೂ ಎಥೆನಾಲೂ ಕೂಡಿ ತಳದಲ್ಲಿ ಬೇರೆಯಾಗಿ ನಿಲ್ಲುವವು. ಎಂಜಿನ್ನು ಮೊದಲು ಕುಡಿಯುವದು ಆ ತಳದ ನೀರನ್ನೇ. ಗಾಡಿ ನಿಂತಿತೆಂದೇ ತಿಳಿಯಿರಿ. ತಗಡಿಗೂ ತುಕ್ಕು.

ಆದಕಾರಣ ಮಳೆಗಾಲಕ್ಕೆ ಮುಂಚೆ ಮುಚ್ಚಳ, ಕೊಳವೆ, ಫಿಲ್ಟರುಗಳನ್ನು ಮೆಕ್ಯಾನಿಕನಿಗೆ ತೋರಿಸಿ, ಬಿರಿದವನ್ನು ಬದಲಿಸಿರಿ; ಕಾರ್ಬುರೇಟರನ್ನು ಸರಿಪಡಿಸಿರಿ. ತಿಂಗಳುಗಟ್ಟಲೆ ಓಡಿಸದ ಗಾಡಿಯಲ್ಲಿ ಹಳೆಯ ಪೆಟ್ರೋಲನ್ನು ಉಳಿಸಬೇಡಿರಿ. ಎಂಜಿನ್ನು ಕೆಟ್ಟು ಹೊಗೆಯುಗುಳುತ್ತಿದ್ದರೆ ಇಂಧನವೊಂದರಿಂದಲೇ ಗಾಳಿ ಶುದ್ಧವಾಗದು. ಆಹಾರವೆಷ್ಟು ಸಾತ್ವಿಕವಾದರೂ ಜಠರಾಗ್ನಿ ಕೆಟ್ಟವನಿಗೆ ಪುಷ್ಟಿಯುಂಟೇ? ಗಾಡಿಯ ವಿಷಯದಲ್ಲಿಯೂ ನ್ಯಾಯವು ಇದೇ.