ಲೇಕೋ, ಟ್ಯಾಂಕೋ?

ನಮ್ಮ ಅರೆಕೆರೆಯ ಕೆರೆಯನ್ನು ಮೊಮ್ಮಗಳು ‘ಅರೆಕೆರೆ ಲೇಕ್’ ಎನ್ನುತ್ತಾಳೆ. ಕೆರೆ ಒಂದು ಸಲ ಕನ್ನಡದಲ್ಲಿ, ಇನ್ನೊಂದು ಸಲ ಇಂಗ್ಲಿಷಿನಲ್ಲಿ! ಹಿಂದೆ ಸರ್ಕಾರಿ ಕಾಗದಗಳಲ್ಲಿ ಕೆರೆಗೆ ‘ಟ್ಯಾಂಕ್’ ಎಂದೇ ಬರೆಯುತ್ತಿದ್ದರು ಎಂದೆ. “ಟ್ಯಾಂಕ್ ಮನೆ ಮೇಲಿರೋದಲ್ವಾ ತಾತ?” ಎಂದು ನಕ್ಕಳು.

ಮಕ್ಕಳೇ, ಲೇಕ್, ಪಾಂಡ್, ರಿಸರ್ವಾಯರ್, ಟ್ಯಾಂಕ್ ಎಲ್ಲವೂ ನಿಂತ ನೀರೇ. ಆದರೆ ಅರ್ಥ ಒಂದೇ ಅಲ್ಲ. ಲೇಕ್ ಸಾಮಾನ್ಯವಾಗಿ ಪ್ರಕೃತಿ ಮಾಡಿದ್ದು, ಕಾಶ್ಮೀರದ ವುಲರ್ ಸರೋವರದಂತೆ. ಪಾಂಡ್ ಚಿಕ್ಕದು, ನಮ್ಮ ಕುಂಟೆ, ಕೊಳ. ರಿಸರ್ವಾಯರ್ ಎಂದರೆ ಕನ್ನಂಬಾಡಿಯಂಥ ಜಲಾಶಯ. ಟ್ಯಾಂಕ್ ಮಾತ್ರ ಊರಿನವರು ಮಣ್ಣಿನ ಏರಿ ಹಾಕಿ ಮಳೆನೀರು ಹಿಡಿದದ್ದು. ಅದಕ್ಕೆ ನೀರು ತರಲು ಕಾಲುವೆ ಬೇಕು, ಗದ್ದೆಗೆ ಬಿಡಲು ತೂಬು ಬೇಕು, ಹೆಚ್ಚಾದದ್ದು ಹರಿದುಹೋಗಲು ಕೋಡಿ ಬೇಕು. ವರ್ಷ ವರ್ಷ ಹೂಳೂ ತೆಗೆಯಬೇಕು.

ಯುದ್ಧದ ಟ್ಯಾಂಕಿಗೂ ಆ ಹೆಸರು ಬಂದದ್ದು ನೀರಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಗುಟ್ಟಾಗಿ ತಯಾರಿಸುತ್ತಿದ್ದ ವಾಹನವನ್ನು ನೀರಿನ ತೊಟ್ಟಿ ಎಂದು ಹೇಳಿಕೊಂಡರು. 1916ರಲ್ಲಿ ಅದು ರಣರಂಗಕ್ಕೆ ಇಳಿದ ಮೇಲೂ ಹೆಸರು ಅಳಿಯಲಿಲ್ಲ. (ಬ್ಯಾಂಕ್ ಎಂದರೆ ನದಿಯ ದಡವೂ ಹೌದು. ಅಷ್ಟು ವರ್ಷ ಬ್ಯಾಂಕಿನಲ್ಲಿ ದುಡಿದರೂ ನನಗೆ ದಡದ ಗಾಳಿ ಸಿಗಲಿಲ್ಲ!)

ಕನ್ನಡದ ಸಮಾನಾರ್ಥಕ ಪದಗಳನ್ನು ಹುಡುಕಲು ನಿಘಂಟು ಬೇಡ, ಬಸ್ಸಿನ ಬೋರ್ಡು ಸಾಕು. ಕೋಣನಕುಂಟೆಯಲ್ಲಿ ಕುಂಟೆ ಇದೆ. ಬೊಮ್ಮಸಂದ್ರದ ‘ಸಂದ್ರ’ ಎಂದರೆ ಸಮುದ್ರ. ದೊಡ್ಡ ಕೆರೆಯನ್ನು ಹಿರಿಯರು ಹಾಗೆ ಕರೆದರು. ಬಿಟಿಎಂ ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಅಕ್ಷರಗಳಲ್ಲಿ ಎರಡರೊಳಗೆ ನೀರು!

ನನಗಂತೂ ‘ಟ್ಯಾಂಕ್’ ಎಂಬುದೇ ಸರಿಯಾದ ಅನುವಾದ ಅನ್ನಿಸುತ್ತದೆ. ಲೇಕ್ ಎಂದರೆ ಸುತ್ತ ವಾಕಿಂಗ್ ಮಾಡುವ ಜಾಗ. ಅದನ್ನು ಯಾರೋ ಕಟ್ಟಿದರು, ಯಾರಾದರೂ ನೋಡಿಕೊಳ್ಳಬೇಕು ಎಂಬುದು ಆ ಪದದೊಳಗಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಟ್ಯಾಂಕ್ ಇಂದಿಗೂ ಟ್ಯಾಂಕ್ ಆಗಿಯೇ ಉಳಿದಿದೆ, ನೀರೂ ಇದೆ. ಧರ್ಮಾಂಬುಧಿ ಕೆರೆಗೆ ಆ ಅದೃಷ್ಟವಿರಲಿಲ್ಲ. ‘ಅಂಬುಧಿ’ ಎಂದರೂ ಸಮುದ್ರವೇ. ನೀರು ಬರುವ ದಾರಿಗಳು ಮುಚ್ಚಿ ಅದು ಬತ್ತಿತು. ಅಲ್ಲೀಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಪಕ್ಕದ ರಸ್ತೆಯ ಹೆಸರು ಈಗಲೂ ಟ್ಯಾಂಕ್ ಬಂಡ್ ರೋಡ್. ಬಂಡ್ ಎಂದರೆ ಕೆರೆ ಏರಿ.